ಡಂಗುರದಿಂದ ಅಂಚೆಗೆ: ಟಿವಿ ಮನೆಗೆ ಬರುವ ದಾರಿ ಬದಲಾದ ಕಥೆ

2025ರ ಜೂನ್ 3ರ ರಾತ್ರಿ. ಅಹಮದಾಬಾದಿನಲ್ಲಿ ಐಪಿಎಲ್ ಫೈನಲ್. ನಮ್ಮ ಆರ್‌ಸಿಬಿ 190 ರನ್ ಹೊಡೆದು ಪಂಜಾಬ್ ತಂಡವನ್ನು ಕಟ್ಟಿಹಾಕಲು ಹೊರಟಿತ್ತು. ನಾನು ಫೋನಿನಲ್ಲಿ ನೋಡುತ್ತಿದ್ದೆ. ಶೆಫರ್ಡ್ ಇನ್ನೂ ಬೌಲಿಂಗ್‌ಗೆ ನಿಲ್ಲುವ ಹೊತ್ತು, ಪಕ್ಕದ ಮನೆಯಿಂದ ದೊಡ್ಡ ಕೂಗು ಕೇಳಿಸಿತು. ಬೀದಿಯಲ್ಲಿ ಯಾರೋ ಸೀಟಿ ಹೊಡೆದರು. ಏನೋ ಆಯಿತು ಅಂತ ಗೊತ್ತಾಯಿತು, ಏನಾಯಿತು ಅಂತ ಗೊತ್ತಾಗಲಿಲ್ಲ. ಹತ್ತಿರಹತ್ತಿರ ಅರ್ಧ ನಿಮಿಷ ಕಾದ ಮೇಲೆ ನನ್ನ ಫೋನಿನಲ್ಲಿ ಶ್ರೇಯಸ್ ಅಯ್ಯರ್ ಬ್ಯಾಟಿಗೆ ಸವರಿದ ಚೆಂಡು ಕೀಪರ್ ಜಿತೇಶ್ ಕೈ ಸೇರಿತು.

ಅವರ ಮನೆಯಲ್ಲಿ ಡಿಶ್. ನನ್ನ ಕೈಯಲ್ಲಿ ಆ್ಯಪ್. ಆಟ ಒಂದೇ, ಮೈದಾನದ ಕ್ಯಾಮೆರಾಗಳೂ ಅವೇ. ಆದರೂ ಅವರಿಗೆ ಮೊದಲು ಗೊತ್ತಾಯಿತು. ಯಾಕೆ ಹೀಗೆ ಅಂತ ಹುಡುಕುತ್ತಾ ಹೋದರೆ, ಕಳೆದ ಹತ್ತು ವರ್ಷದಲ್ಲಿ ಟಿವಿಯ ಒಳಗೆ ಏನೆಲ್ಲ ಬದಲಾಯಿತು ಅನ್ನುವುದು ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ.

ಒಬ್ಬ ಕೂಗಿದರೆ ಊರೆಲ್ಲ ಕೇಳಿಸುತ್ತಿತ್ತು

ಹಿಂದೆ ಊರುಗಳಲ್ಲಿ ಡಂಗುರ ಸಾರುತ್ತಿದ್ದರು. ಒಬ್ಬ ತಮಟೆ ಬಾರಿಸಿಕೊಂಡು ಬಂದು, ಬೀದಿಯಲ್ಲಿ ನಿಂತು ಕೂಗುತ್ತಿದ್ದ. ನೂರು ಜನ ಕೇಳಿದರೂ ಸಾವಿರ ಜನ ಕೇಳಿದರೂ ಅವನ ಗಂಟಲಿಗೆ ಆಗುವ ಶ್ರಮ ಅಷ್ಟೇ. ಯಾರು ಕೇಳಿಸಿಕೊಂಡರು, ಯಾರು ಕೇಳಿಸಿಕೊಳ್ಳಲಿಲ್ಲ ಅನ್ನುವುದು ಅವನಿಗೆ ಗೊತ್ತಾಗುವುದಿಲ್ಲ. ಅವನು ಕೂಗುವಾಗ ನೀವು ಹೊಲದಲ್ಲಿದ್ದರೆ ಸುದ್ದಿ ತಪ್ಪಿತು.

ಟಿವಿ ಹುಟ್ಟಿದ್ದೇ ಡಂಗುರವಾಗಿ. 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಯೋಗಕ್ಕೆಂದು ಶುರುವಾಯಿತು. ಬೆಂಗಳೂರಿನ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಎತ್ತರದ ಗೋಪುರದಿಂದ ಅಲೆ ಹೊರಡುತ್ತದೆ, ಸುತ್ತಲೂ ಹರಡುತ್ತದೆ. ಯಾರ ಮನೆಯ ಮೇಲೆ ಆಂಟೆನಾ ಇದೆಯೋ ಅವರಿಗೆ ಚಿತ್ರ ಸಿಗುತ್ತದೆ. ಗುಡ್ಡ ಅಡ್ಡ ಬಂದರೆ ಸಿಗುವುದಿಲ್ಲ. ಆ ಹಳೆಯ ಗೋಪುರಗಳನ್ನು ದೂರದರ್ಶನ ನಡೆಸುವ ಪ್ರಸಾರ ಭಾರತಿ 2022ರ ಹೊತ್ತಿಗೆ ಬಹುತೇಕ ನಿಲ್ಲಿಸಿಬಿಟ್ಟಿತು.

1990ರ ದಶಕದ ಮೊದಲಲ್ಲಿ ಕೇಬಲ್ ಬಂತು. ಬೀದಿಯ ಕೊನೆಯ ಒಂದು ಸಣ್ಣ ಕೋಣೆಯಲ್ಲಿ ಕೇಬಲ್‌ನವರು ದೊಡ್ಡ ಡಿಶ್ ಇಟ್ಟು ಉಪಗ್ರಹದ ಚಾನೆಲ್‌ಗಳನ್ನು ಹಿಡಿಯುತ್ತಿದ್ದರು. ಲೈಟ್ ಕಂಬ, ತೆಂಗಿನಮರ, ಮಹಡಿಯ ಕಂಬಿ, ಎಲ್ಲೆಲ್ಲಿ ಆಗುತ್ತದೋ ಅಲ್ಲೆಲ್ಲ ಕರಿ ವೈರ್ ಕಟ್ಟಿ ಮನೆಮನೆಗೆ ಎಳೆಯುತ್ತಿದ್ದರು. 1994ರಲ್ಲಿ ಉದಯ ಟಿವಿ ಶುರುವಾಗಿ ಕನ್ನಡಿಗರಿಗೆ ಖಾಸಗಿ ಚಾನೆಲ್ ಸಿಕ್ಕಿದ್ದು ಈ ವೈರಿನಿಂದಲೇ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಆಗಿನ ವೈರಿನಲ್ಲಿ ಎಲ್ಲ ಚಾನೆಲ್ ಎಲ್ಲ ಮನೆಗೂ ಒಟ್ಟಿಗೆ ಹರಿಯುತ್ತಿದ್ದವು. ಎಷ್ಟು ಮನೆಗೆ ವೈರ್ ಹೋಗಿದೆ ಅನ್ನುವುದು ಕೇಬಲ್‌ನವರ ನೋಟ್‌ಬುಕ್ಕಿನಲ್ಲಿ ಮಾತ್ರ ಇರುತ್ತಿತ್ತು. ಕೇಬಲ್‌ನವರು ಮನೆಗಳ ಲೆಕ್ಕ ಕಡಿಮೆ ತೋರಿಸುತ್ತಾರೆ, ನಮಗೆ ಸೇರಬೇಕಾದ ಹಣ ಸೇರುತ್ತಿಲ್ಲ ಅನ್ನುವುದು ಚಾನೆಲ್‌ಗಳ ದೂರು. ವೈರಿನಲ್ಲಿ ಜಾಗ ಕಡಿಮೆ, ಚಾನೆಲ್ ಜಾಸ್ತಿ. ಹಾಗಾಗಿ ಹೊಸ ಚಾನೆಲ್‌ಗಳು ಒಳ್ಳೆಯ ಜಾಗಕ್ಕಾಗಿ ತಾವೇ ದುಡ್ಡು ಕೊಡಬೇಕಾಗುತ್ತಿತ್ತು.

ಈ ಜಗಳ ತೀರಿಸಲು ಸರ್ಕಾರ ಕೇಬಲ್ಲನ್ನು ಡಿಜಿಟಲ್ ಮಾಡಿತು. 2012ರಲ್ಲಿ ಮಹಾನಗರಗಳಿಂದ ಶುರುವಾಗಿ, ಎರಡನೇ ಹಂತದಲ್ಲಿ ಬೆಂಗಳೂರು, ಮೈಸೂರು ಸೇರಿದವು. 2013ರ ಮಾರ್ಚ್ 31 ಕೊನೆಯ ದಿನ. ಸೆಟ್‌ಟಾಪ್ ಬಾಕ್ಸ್ ಇಲ್ಲದಿದ್ದರೆ ಚಿತ್ರವಿಲ್ಲ. ಪ್ರತಿ ಬಾಕ್ಸಿಗೂ ಒಂದು ನಂಬರ್. ಡಂಗುರಕ್ಕೆ ಅಂದು ಮೊದಲ ಸಲ ಮನೆ ಲೆಕ್ಕ ಸಿಕ್ಕಿತು. 2019ರ ಫೆಬ್ರುವರಿಯಿಂದ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ಹೊಸ ದರ ಪದ್ಧತಿ ಬಂದು, 100 ಚಾನೆಲ್‌ಗೆ ತಿಂಗಳಿಗೆ 130 ರೂಪಾಯಿ, ಮೇಲೆ ತೆರಿಗೆ, ಬೇಕಾದ ಪೇ ಚಾನೆಲ್‌ಗೆ ಬೇರೆ ದುಡ್ಡು ಅಂತಾಯಿತು. ಆ ತಿಂಗಳು ಎಷ್ಟೋ ಮನೆಗಳಲ್ಲಿ ಚಾನೆಲ್ ಪಟ್ಟಿ ಹಿಡಿದು ಟಿಕ್ ಹಾಕುತ್ತಾ ಕೂತಿದ್ದು ನೆನಪಿರಬಹುದು.

ಡಿಶ್ ಕೂಡ ಡಂಗುರವೇ. ಕೂಗುವವನು ಮಾತ್ರ ಸುಮಾರು 36,000 ಕಿಲೋಮೀಟರ್ ಮೇಲೆ ನಿಂತಿದ್ದಾನೆ. ಅಷ್ಟು ಎತ್ತರದಿಂದ ಕೂಗಿದರೆ ಇಡೀ ದೇಶಕ್ಕೆ ಕೇಳಿಸುತ್ತದೆ. ಗುಡ್ಡ, ಕಾಡು, ಕೊನೆಯ ಒಂಟಿಮನೆ, ಯಾವುದೂ ಲೆಕ್ಕಕ್ಕಿಲ್ಲ. ಆಕಾಶ ಕಾಣಿಸಿದರೆ ಸಾಕು. 2004ರ ಡಿಸೆಂಬರಿನಲ್ಲಿ ದೂರದರ್ಶನ ಶುರುಮಾಡಿದ ಸೇವೆ, ಈಗ ಡಿಡಿ ಫ್ರೀ ಡಿಶ್ ಅಂತ ಕರೆಯುವುದು, ಇವತ್ತಿಗೂ ತಿಂಗಳ ಬಾಡಿಗೆ ಇಲ್ಲದೆ ನಡೆಯುತ್ತಿದೆ. ಒಂದು ಸಲ ಡಿಶ್ಶು, ಬಾಕ್ಸು ಕೊಂಡರೆ ಮುಗಿಯಿತು.

ಪ್ರತಿ ಮನೆಗೂ ಬೇರೆ ಲಕೋಟೆ

ಇಂಟರ್ನೆಟ್ಟಿನಲ್ಲಿ ಬರುವ ಟಿವಿ ಡಂಗುರ ಅಲ್ಲ. ಅದು ಅಂಚೆ.

ನೀವು ಆ್ಯಪ್ ತೆರೆದು ಒಂದು ಕಾರ್ಯಕ್ರಮ ಒತ್ತಿದಿರಿ. ನಿಮ್ಮ ಫೋನ್ ಒಂದು ಸರ್ವರ್‌ಗೆ, ಅಂದರೆ ಕಾರ್ಯಕ್ರಮಗಳನ್ನು ಇಟ್ಟುಕೊಂಡಿರುವ ದೂರದ ಕಂಪ್ಯೂಟರಿಗೆ, 'ಇದನ್ನು ನನಗೆ ಕಳಿಸು, ನನ್ನ ವಿಳಾಸ ಇದು' ಅಂತ ಕೇಳುತ್ತದೆ. ಸರ್ವರ್ ಆ ವಿಳಾಸ ಬರೆದು ನಿಮಗೊಬ್ಬರಿಗೇ ಕಳಿಸುತ್ತದೆ. ಪಕ್ಕದ ಮನೆಯವರು ಅದೇ ಕಾರ್ಯಕ್ರಮ ಅದೇ ಕ್ಷಣ ಒತ್ತಿದರೂ ಅವರಿಗೆ ಬೇರೆ ಲಕೋಟೆ ಹೋಗುತ್ತದೆ. ಒಂದೇ ಮನೆಯಲ್ಲಿ ಅಪ್ಪ ಟಿವಿಯಲ್ಲಿ, ಮಗಳು ಫೋನಿನಲ್ಲಿ ನೋಡಿದರೆ ಎರಡು ಲಕೋಟೆ.

ಲಕೋಟೆಯೂ ಇಡಿಯಾಗಿ ಬರುವುದಿಲ್ಲ. ಎರಡು ಗಂಟೆಯ ಸಿನಿಮಾವನ್ನು ನಾಲ್ಕೋ ಆರೋ ಸೆಕೆಂಡಿನ ಚೂರುಗಳಾಗಿ ಕತ್ತರಿಸಿ ಇಟ್ಟಿರುತ್ತಾರೆ. ಒಂದೊಂದು ಚೂರನ್ನೂ ಹಲವು ಗಾತ್ರದಲ್ಲಿ ತಯಾರು ಮಾಡಿರುತ್ತಾರೆ. ತೆಳ್ಳಗಿನ, ಮಸುಕಾದ ಚಿತ್ರದ್ದು ಒಂದು. ದಪ್ಪಗಿನ, ಸ್ಪಷ್ಟವಾದದ್ದು ಇನ್ನೊಂದು. ನಡುವೆ ಮೂರ್ನಾಲ್ಕು. ಹಿಂದಿನ ಚೂರು ಎಷ್ಟು ಬೇಗ ಬಂತು ಅಂತ ನೋಡಿಕೊಂಡು ನಿಮ್ಮ ಫೋನ್ ಮುಂದಿನ ಚೂರಿನ ಗಾತ್ರ ತೀರ್ಮಾನಿಸುತ್ತದೆ.

ಇದನ್ನು ಕಣ್ಣಾರೆ ನೋಡಬೇಕು ಅಂದರೆ ಹಾಸನದಿಂದ ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ಕೂತು ಏನಾದರೂ ನೋಡಿ. ಸಕಲೇಶಪುರದವರೆಗೆ ನಾಯಕಿಯ ಕಿವಿಯೋಲೆಯ ಹರಳೂ ಕಾಣಿಸುತ್ತಿರುತ್ತದೆ. ಶಿರಾಡಿ ಘಾಟಿ ಇಳಿಯಲು ಶುರುವಾದ ಮೇಲೆ ಒಂದು ತಿರುವಿನಲ್ಲಿ ಓಲೆ ಮಾಯ. ಇನ್ನೊಂದು ತಿರುವಿಗೆ ಮುಖವೇ ಚೌಕ ಚೌಕ. ಮಾತು ಮಾತ್ರ ಸರಿಯಾಗಿ ಕೇಳಿಸುತ್ತಿದೆ, ಯಾಕೆಂದರೆ ಧ್ವನಿಗೆ ಬೇಕಾದ ಡೇಟಾ ತುಂಬ ಕಡಿಮೆ. ಆಮೇಲೆ ಚಕ್ರ ಸುತ್ತಲು ಶುರು. ಫೋನ್ ಮೊದಲೇ ತಂದು ಇಟ್ಟುಕೊಂಡಿದ್ದ ಚೂರುಗಳೆಲ್ಲ ಖಾಲಿಯಾದವು ಅಂತ ಅರ್ಥ. ಘಾಟಿ ಇಳಿದು ನೆಲ್ಯಾಡಿ ಕಡೆ ಬರುವಾಗ ಮೊದಲು ಮಸುಕಾಗಿ, ಆಮೇಲೆ ನಿಧಾನಕ್ಕೆ ಸ್ಪಷ್ಟವಾಗಿ ಚಿತ್ರ ವಾಪಸ್ ಬರುತ್ತದೆ. ಇದಿಷ್ಟನ್ನೂ ಫೋನ್ ತಾನೇ ನಿಭಾಯಿಸಿತು. ಯಾರೂ ಆಂಟೆನಾ ತಿರುಗಿಸಲಿಲ್ಲ.

2009ರಲ್ಲಿ ಆ್ಯಪಲ್ ಕಂಪನಿ ಈ ಚೂರು ಮಾಡುವ ವಿಧಾನವನ್ನು ಐಫೋನಿಗೆ ತಂದಿತು. ಅದಕ್ಕೂ ಮೊದಲು ವಿಡಿಯೊ ಕಳಿಸಲು ಸಾಮಾನ್ಯವಾಗಿ ವಿಶೇಷ ಸರ್ವರ್‌ಗಳು ಬೇಕಾಗುತ್ತಿದ್ದವು. ಚೂರು ಮಾಡಿದ ಮೇಲೆ, ಫೋಟೋ ಮತ್ತು ಬರಹ ಕಳಿಸುವ ಮಾಮೂಲಿ ಸರ್ವರ್ ಸಾಕಾಯಿತು. ನೋಡಲು ಸಣ್ಣ ವಿಷಯ. ಆದರೆ ಈ ವ್ಯವಸ್ಥೆ ಅಗ್ಗವಾಗಿ ಇಷ್ಟು ದೊಡ್ಡದಾಗಿ ಬೆಳೆದದ್ದಕ್ಕೆ ಇದೇ ದೊಡ್ಡ ಕಾರಣ ಅಂತ ನನಗನ್ನಿಸುತ್ತದೆ.

ಅಂಚೆಗೆ ಶಾಖೆಗಳೂ ಬೇಕು. ಬೆಂಗಳೂರಿನಲ್ಲಿ ಕೂತು ನೋಡುವ ಪ್ರತಿಯೊಬ್ಬರ ಲಕೋಟೆಯೂ ಅಮೆರಿಕದಿಂದ ಬರಬೇಕು ಅಂದರೆ ಸಮುದ್ರದಡಿಯ ಕೇಬಲ್ಲುಗಳು ತುಂಬಿಹೋಗುತ್ತವೆ. ಅದಕ್ಕೇ ಜಾಸ್ತಿ ಜನ ನೋಡುವ ಕಾರ್ಯಕ್ರಮಗಳ ಪ್ರತಿಯನ್ನು ಊರೂರಿನ ಡೇಟಾ ಸೆಂಟರ್‌ಗಳಲ್ಲಿ ಮೊದಲೇ ತಂದಿಟ್ಟಿರುತ್ತಾರೆ. ನೆಟ್‌ಫ್ಲಿಕ್ಸ್ ತನ್ನದೇ ಪೆಟ್ಟಿಗೆಗಳನ್ನು ಇಂಟರ್ನೆಟ್ ಕಂಪನಿಗಳ ಜಾಗದೊಳಗೇ ಇರಿಸುತ್ತದೆ. ನೀವು ನೋಡುವ ಸಿನಿಮಾ ಹೆಚ್ಚಾಗಿ ನಿಮ್ಮ ಊರಿನ ಹತ್ತಿರದ ಇಂಥ ಒಂದು ಪೆಟ್ಟಿಗೆಯಿಂದಲೇ ಹೊರಡುತ್ತದೆ.

ಈಗ ಪಕ್ಕದ ಮನೆಯ ಕೂಗಿಗೆ ಬರೋಣ. ಸಿನಿಮಾ ಆದರೆ ಚೂರುಗಳು ಮೊದಲೇ ತಯಾರಾಗಿರುತ್ತವೆ. ಲೈವ್ ಪಂದ್ಯದಲ್ಲಿ ಹಾಗಲ್ಲ. ಆರು ಸೆಕೆಂಡಿನ ಚೂರು ಆಗಬೇಕಾದರೆ ಮೈದಾನದಲ್ಲಿ ಆರು ಸೆಕೆಂಡ್ ಕಳೆಯಲೇಬೇಕು. ಆಮೇಲೆ ಅದನ್ನು ಹಲವು ಗಾತ್ರಕ್ಕೆ ಇಳಿಸಬೇಕು, ಶಾಖೆಗಳಿಗೆ ಹಂಚಬೇಕು. ಚಿತ್ರ ನಿಲ್ಲದಿರಲಿ ಅಂತ ಫೋನ್ ಎರಡು ಮೂರು ಚೂರು ಕೈಯಲ್ಲಿಟ್ಟುಕೊಂಡೇ ತೋರಿಸಲು ಶುರುಮಾಡುತ್ತದೆ. ಇವೆಲ್ಲ ಸೇರಿ ಇಪ್ಪತ್ತು, ಮೂವತ್ತು ಸೆಕೆಂಡ್ ಆಗಿಬಿಡುತ್ತದೆ. ಡಿಶ್ಶಿನ ದಾರಿಯಲ್ಲಿ ಉಪಗ್ರಹಕ್ಕೆ ಹೋಗಿ ವಾಪಸ್ ಬರಲು ಕಾಲು ಸೆಕೆಂಡ್. ಉಳಿದ ಕೆಲಸಗಳಿಗೆ ಇನ್ನು ಕೆಲವು ಸೆಕೆಂಡ್. ಅವರಿಗೆ ವಿಕೆಟ್ ಮೊದಲು ಬಿದ್ದದ್ದು ಹೀಗೆ.

ಅಂಚೆಯ ಭಾರ ಎಷ್ಟು ಅಂತ ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. 2023ರ ನವೆಂಬರ್ 19ರ ವಿಶ್ವಕಪ್ ಫೈನಲ್ಲನ್ನು ಹಾಟ್‌ಸ್ಟಾರ್‌ನಲ್ಲಿ ಒಂದು ಹಂತದಲ್ಲಿ ಒಟ್ಟಿಗೆ 5.9 ಕೋಟಿ ಜನ ನೋಡುತ್ತಿದ್ದರು. ಒಬ್ಬೊಬ್ಬರಿಗೆ ಸೆಕೆಂಡಿಗೆ ಬರೀ 1 ಮೆಗಾಬಿಟ್ (ಡೇಟಾದ ಒಂದು ಅಳತೆ) ಅಂತ ಹಿಡಿದರೂ ಸೆಕೆಂಡಿಗೆ 5.9 ಕೋಟಿ ಮೆಗಾಬಿಟ್ ಹೋಗಬೇಕು. ಅದೇ ಪಂದ್ಯ ಎಚ್‌ಡಿಯಲ್ಲಿ ಉಪಗ್ರಹದಿಂದ ಇಳಿಯಲು ಸೆಕೆಂಡಿಗೆ ಸುಮಾರು 10 ಮೆಗಾಬಿಟ್ ಸಾಕು. ನೋಡುವ ಮನೆ ಹತ್ತಾದರೂ ಅಷ್ಟೇ, ಹತ್ತು ಕೋಟಿಯಾದರೂ ಅಷ್ಟೇ. ಎಲ್ಲರೂ ಒಂದೇ ಹೊತ್ತಿಗೆ ಒಂದೇ ವಿಷಯ ನೋಡುವಾಗ ಡಂಗುರವನ್ನು ಮೀರಿಸುವುದು ಅಂಚೆಗೆ ಕಷ್ಟ. ಒಬ್ಬೊಬ್ಬರು ಒಂದೊಂದು ನೋಡುವಾಗ ಅಂಚೆಯೇ ಸರಿ.

ದಾರಿ ತೆರೆದದ್ದು ಡೇಟಾ ದರ

ತಂತ್ರಜ್ಞಾನ ಮೊದಲೇ ಇತ್ತು. ನಮ್ಮ ಕೈಗೆ ಬರಲು ದುಡ್ಡಿನ ಗೋಡೆ ಅಡ್ಡ ಇತ್ತು. ಒಂದು ಗಂಟೆ ಸಾಧಾರಣ ಗುಣಮಟ್ಟದಲ್ಲಿ ನೋಡಿದರೆ ಮುಕ್ಕಾಲರಿಂದ 1 ಜಿಬಿ ಖರ್ಚಾಗುತ್ತದೆ. ಎಚ್‌ಡಿಯಾದರೆ 3 ಜಿಬಿವರೆಗೂ ಹೋಗಬಹುದು. 1 ಜಿಬಿಗೆ 200 ರೂಪಾಯಿ ಮೇಲೆ ಕೊಡುತ್ತಿದ್ದ ಕಾಲದಲ್ಲಿ ಫೋನಿನಲ್ಲಿ ಸಿನಿಮಾ ನೋಡುವುದು ಯಾರಿಗೆ ಸಾಧ್ಯವಿತ್ತು? ಹಾಟ್‌ಸ್ಟಾರ್ 2015ರ ಫೆಬ್ರುವರಿಯಲ್ಲಿ ಬಂತು. ನೆಟ್‌ಫ್ಲಿಕ್ಸ್ 2016ರ ಜನವರಿಯಲ್ಲಿ, ಅಮೆಜಾನ್ ಪ್ರೈಮ್ ವಿಡಿಯೊ ಅದೇ ವರ್ಷದ ಡಿಸೆಂಬರಿನಲ್ಲಿ. ನಡುವೆ 2016ರ ಸೆಪ್ಟೆಂಬರ್ 5ಕ್ಕೆ ಜಿಯೊ ಬಂದು ತಿಂಗಳುಗಟ್ಟಲೆ ಡೇಟಾವನ್ನು ಉಚಿತವಾಗಿ ಕೊಟ್ಟಿತು. ಉಳಿದ ಕಂಪನಿಗಳೂ ದರ ಇಳಿಸಲೇಬೇಕಾಯಿತು. ಅಲ್ಲಿಂದ ಮುಂದೆ ಟಿವಿ ಜೇಬಿಗೆ ಬಂತು.

ದುಡ್ಡು ಯಾವ ಕಡೆ ಹರಿಯಿತು ಅನ್ನುವುದಕ್ಕೆ 2022ರ ಜೂನ್‌ನಲ್ಲಿ ನಡೆದ ಐಪಿಎಲ್ ಪ್ರಸಾರ ಹಕ್ಕಿನ ಹರಾಜು ಸಾಕ್ಷಿ. ಭಾರತದಲ್ಲಿ ಐದು ವರ್ಷ ಟಿವಿಯಲ್ಲಿ ತೋರಿಸುವ ಹಕ್ಕು 23,575 ಕೋಟಿ ರೂಪಾಯಿಗೆ ಹೋಯಿತು. ಡಿಜಿಟಲ್ ಹಕ್ಕಿನ ಎರಡು ಭಾಗ ಸೇರಿ ಸುಮಾರು 23,758 ಕೋಟಿ. ಅಂಚೆಯ ಬೆಲೆ ಡಂಗುರದ ಬೆಲೆಯನ್ನು ದಾಟಿತು. ಅಮೆರಿಕದಲ್ಲಿ 2025ರ ಮೇ ತಿಂಗಳಲ್ಲಿ, ಟಿವಿ ಪರದೆಯ ಮುಂದೆ ಜನ ಕಳೆದ ಹೊತ್ತಿನಲ್ಲಿ ಸ್ಟ್ರೀಮಿಂಗ್, ಅಂದರೆ ಇಂಟರ್ನೆಟ್ಟಿನಲ್ಲಿ ಬರುವ ಟಿವಿಯ ಪಾಲು ಪ್ರಸಾರ ಮತ್ತು ಕೇಬಲ್ ಎರಡೂ ಸೇರಿದ ಪಾಲನ್ನು ಮೊದಲ ಬಾರಿಗೆ ಮೀರಿತು ಅಂತ ನೀಲ್ಸನ್ ಸಂಸ್ಥೆ ಲೆಕ್ಕ ಕೊಟ್ಟಿತು. ಭಾರತದಲ್ಲಿ ಇನ್ನೂ ಹಾಗಾಗಿಲ್ಲ. ಆದರೆ ಟ್ರಾಯ್ ಲೆಕ್ಕದ ಪ್ರಕಾರ 2021ರ ಹೊತ್ತಿಗೆ ಸುಮಾರು 7 ಕೋಟಿ ಇದ್ದ ದುಡ್ಡು ಕೊಡುವ ಡಿಶ್ ಸಂಪರ್ಕಗಳು 2025ರಲ್ಲಿ 6 ಕೋಟಿಗಿಂತ ಕೆಳಗೆ ಬಂದಿವೆ.

ಕೇಬಲ್‌ನವರು ಏನಾದರು? ಕೆಲವರು ಬಾಗಿಲು ಹಾಕಿದರು. ಉಳಿದ ಎಷ್ಟೋ ಜನ ಅದೇ ಕಂಬಗಳ ಮೇಲೆ ಕರಿ ವೈರಿನ ಪಕ್ಕ ಫೈಬರ್ ಎಳೆದು ನೆಟ್ ಕೊಡಲು ನಿಂತರು. ನಮ್ಮ ಬೀದಿಯಲ್ಲಿ ತಿಂಗಳ ಮೊದಲ ವಾರ ಕೇಬಲ್ ದುಡ್ಡಿಗೆ ಬರುತ್ತಿದ್ದವರೇ ಈಗ ವೈಫೈ ಕನೆಕ್ಷನ್ ಕೊಡುತ್ತಾರೆ. ನೆಟ್ ಹೋದರೆ ಫೋನ್ ಮಾಡುವುದು ಅವರಿಗೇ. ಯಾವ ಮನೆಗೆ ಯಾವ ಕಂಬದಿಂದ ವೈರ್ ಹೋಗಿದೆ ಅಂತ ಅವರಷ್ಟು ಚೆನ್ನಾಗಿ ಗೊತ್ತಿರುವವರು ಬೇರೆ ಯಾರಿದ್ದಾರೆ?

ಸಿಕ್ಕಿದ್ದು ಏನು

ಮೊದಲು ಸಿಕ್ಕಿದ್ದು ಹೊತ್ತಿನ ಬಿಡುಗಡೆ. ಸಂಜೆ ಏಳೂವರೆಯ ಧಾರಾವಾಹಿಗೆ ಅಮ್ಮ ಏಳಕ್ಕೇ ಅನ್ನಕ್ಕಿಟ್ಟು, ಸಾರು ಕುದಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಕೂರುತ್ತಿದ್ದರು. ನೆಂಟರು ಬಂದರೆ ಆ ದಿನದ ಕಂತು ಹೋಯಿತು. ಮಾರನೇ ದಿನ ಪಕ್ಕದ ಮನೆಯವರ ಹತ್ತಿರ ಕಥೆ ಕೇಳಬೇಕು. ಈಗ ಮಧ್ಯಾಹ್ನ ಊಟ ಆದ ಮೇಲೆ ನಿನ್ನೆಯದನ್ನು ನೋಡುತ್ತಾರೆ. ಕೆಲವು ಆ್ಯಪ್‌ಗಳಲ್ಲಿ ದುಡ್ಡು ಕೊಟ್ಟವರಿಗೆ ಟಿವಿಗಿಂತ ಮೊದಲೇ ಕಂತು ಸಿಗುತ್ತದೆ. ಮನೆಕೆಲಸದ ಹೊತ್ತನ್ನು ಟಿವಿಯ ವೇಳಾಪಟ್ಟಿ ತೀರ್ಮಾನಿಸುತ್ತಿದ್ದ ಕಾಲ ಹೋಯಿತು. ಹೆಂಗಸರಿಗೆ ಇದು ಸಣ್ಣ ಅನುಕೂಲ ಅಲ್ಲ.

ಎರಡನೆಯದು ಭಾಷೆ. ಡಂಗುರದಲ್ಲಿ ಒಂದು ಭಾಷೆಗೆ ಸಾಮಾನ್ಯವಾಗಿ ಒಂದು ಚಾನೆಲ್ ಬೇಕು. ಚಾನೆಲ್ ಅಂದರೆ ಉಪಗ್ರಹದಲ್ಲಿ ಜಾಗ, ಜಾಗ ಅಂದರೆ ದುಡ್ಡು. ಅಂಚೆಯಲ್ಲಿ ಚಿತ್ರದ ಚೂರು ಬೇರೆ, ಧ್ವನಿಯ ಚೂರು ಬೇರೆ ಇಡಬಹುದು. ಕನ್ನಡ ಬೇಕು ಅಂದವರಿಗೆ ಅದೇ ಚಿತ್ರದ ಜೊತೆ ಕನ್ನಡದ ಧ್ವನಿ ಕಳಿಸಿದರಾಯಿತು. 2023ರ ಐಪಿಎಲ್ ಆ್ಯಪಿನಲ್ಲಿ 12 ಭಾಷೆಗಳಲ್ಲಿ ಬಂತು, ಕನ್ನಡವೂ ಸೇರಿ. ಕಿವಿ ಕೇಳಿಸದವರಿಗೆ ಕೆಳಗೆ ಅಕ್ಷರ ತೋರಿಸುವುದೂ ಇದೇ ರೀತಿಯ ಇನ್ನೊಂದು ಪದರ. ದಾರಿ ಇಷ್ಟು ಸುಲಭ ಇರುವಾಗ, ಒಂದು ಹೊರದೇಶದ ಸಿನಿಮಾಕ್ಕೆ ಹಿಂದಿ, ತಮಿಳು, ತೆಲುಗು ಧ್ವನಿ ಇದ್ದು ಕನ್ನಡ ಇಲ್ಲದಿದ್ದರೆ ನನಗೆ ನೋವಾಗುತ್ತದೆ. ಕನ್ನಡದ ಸಿನಿಮಾಕ್ಕೇ ಕನ್ನಡ ಅಕ್ಷರದ ಸಾಲು ಇಲ್ಲದಿರುವುದು ಇನ್ನೂ ಬೇಸರದ ಮಾತು. ಜಾಗ ಇಲ್ಲ ಅನ್ನುವ ನೆಪ ಈಗ ಉಳಿದಿಲ್ಲ.

ಮೂರನೆಯದು ದೂರ. ದುಬೈಯಲ್ಲೋ ಡಲ್ಲಾಸ್‌ನಲ್ಲೋ ಇರುವ ಕನ್ನಡಿಗರು ಒಂದು ಕಾಲದಲ್ಲಿ ಊರಿಂದ ಬರುವವರ ಕೈಯಲ್ಲಿ ಕ್ಯಾಸೆಟ್ ತರಿಸಿಕೊಳ್ಳುತ್ತಿದ್ದರು. ಆಮೇಲೆ ದುಬಾರಿ ಪ್ಯಾಕ್ ಕೊಂಡು ಒಂದೆರಡು ಕನ್ನಡ ಚಾನೆಲ್ ನೋಡುತ್ತಿದ್ದರು. ಈಗ ಇಲ್ಲಿ ಬಂದ ಕಂತು ಅಲ್ಲಿ ಅದೇ ದಿನ ಸಿಗುತ್ತದೆ. ಎಲ್ಲವೂ ಸಿಗುವುದಿಲ್ಲ ಅನ್ನುವುದೂ ನಿಜ. ಪ್ರಸಾರದ ಹಕ್ಕನ್ನು ದೇಶ ದೇಶಕ್ಕೆ ಬೇರೆಬೇರೆಯಾಗಿ ಮಾರುತ್ತಾರೆ. ನಿಮ್ಮ ವಿಳಾಸ ನೋಡಿದರೆ ನೀವು ಯಾವ ದೇಶದಲ್ಲಿದ್ದೀರಿ ಅಂತ ಸರ್ವರ್‌ಗೆ ಗೊತ್ತಾಗುತ್ತದೆ. ಇಲ್ಲಿ ಆ್ಯಪಿನಲ್ಲಿ ಕಾಣುವ ಪೋಸ್ಟರ್ ಅಲ್ಲಿ ಕಾಣಿಸದೇ ಇರುವುದು ಅದಕ್ಕೇ.

ವಿಳಾಸ ಇದ್ದರೆ ಎಣಿಕೆಯೂ ಇರುತ್ತದೆ

ಡಂಗುರದವನಿಗೆ ಕೇಳಿದವರ ಲೆಕ್ಕ ಸಿಗುವುದಿಲ್ಲ ಅಂದೆನಲ್ಲ. ಟಿವಿಯವರು ಅದಕ್ಕೆ ಟಿಆರ್‌ಪಿ ಅನ್ನುವ ಅಂದಾಜು ಮಾಡಿಕೊಂಡರು. ಬಾರ್ಕ್ ಸಂಸ್ಥೆ ದೇಶದಲ್ಲಿ 50,000ಕ್ಕೂ ಹೆಚ್ಚು ಮನೆಗಳಲ್ಲಿ ಮೀಟರ್ ಇಟ್ಟು, ಅವರು ನೋಡಿದ್ದರ ಮೇಲೆ ಇಡೀ ದೇಶ ಏನು ನೋಡಿತು ಅಂತ ಲೆಕ್ಕ ಹಾಕುತ್ತದೆ. ಆ್ಯಪಿಗೆ ಅಂದಾಜು ಬೇಕಿಲ್ಲ. ನೀವು ಯಾವ ಕ್ಷಣದಲ್ಲಿ ನಿಲ್ಲಿಸಿದಿರಿ, ಯಾವ ಹಾಡನ್ನು ನೋಡದೆ ಮುಂದಕ್ಕೆ ಓಡಿಸಿದಿರಿ, ಯಾವ ದೃಶ್ಯವನ್ನು ಎರಡು ಸಲ ನೋಡಿದಿರಿ ಎಲ್ಲ ಗೊತ್ತು. ಜಾಹೀರಾತೂ ಹಾಗೇ. ಡಂಗುರದಲ್ಲಿ ಎಲ್ಲರಿಗೂ ಒಂದೇ ಸೋಪು. ಅಂಚೆಯಲ್ಲಿ ನಿಮ್ಮ ಲಕೋಟೆಯೊಳಗೆ ನಿಮಗೆಂದೇ ಆರಿಸಿದ ಕರಪತ್ರ.

ಇದರ ಏಟು ಕನ್ನಡಕ್ಕೆ ಜೋರಾಗಿ ಬಿದ್ದಿದೆ. 2020ರ ಜುಲೈನಲ್ಲಿ, ಥಿಯೇಟರ್ ಮುಚ್ಚಿದ್ದಾಗ, ಪುನೀತ್ ರಾಜ್‌ಕುಮಾರ್ ಅವರ ಸಂಸ್ಥೆಯ ಎರಡು ಸಿನಿಮಾಗಳು ನೇರವಾಗಿ ಅಮೆಜಾನ್ ಪ್ರೈಮ್‌ನಲ್ಲಿ ಬಂದವು. ಹೊಸ ಬಾಗಿಲು ತೆರೆಯಿತು ಅಂತ ಎಲ್ಲರಿಗೂ ಖುಷಿಯಾಗಿತ್ತು. ಆದರೆ ಎಣಿಸಲು ಬಂದಾಗ ಕೊಳ್ಳುವವರು ಎಣಿಸಿಯೇ ಕೊಳ್ಳುತ್ತಾರೆ. ರಕ್ಷಿತ್ ಶೆಟ್ಟಿ ಅವರ ಸಂಸ್ಥೆ 'ಏಕಂ' ಅನ್ನುವ ಕನ್ನಡ ವೆಬ್ ಸರಣಿ ಮಾಡಿ, ಯಾವ ವೇದಿಕೆಯೂ ತೆಗೆದುಕೊಳ್ಳದೆ, ಕೊನೆಗೆ 2024ರ ಜುಲೈನಲ್ಲಿ ಅದಕ್ಕೆಂದೇ ತಾವೇ ಒಂದು ತಾಣ ಕಟ್ಟಿ ದುಡ್ಡು ಕೊಟ್ಟು ನೋಡುವ ಹಾಗೆ ಬಿಡುಗಡೆ ಮಾಡಿತು. ಇದರಲ್ಲಿ ಎರಡು ವಿಷಯ ಇದೆ. ಹೆಸರಿರುವ ನಿರ್ಮಾಪಕರಿಗೂ ದೊಡ್ಡ ವೇದಿಕೆಯ ಬಾಗಿಲು ತೆರೆಯಲಿಲ್ಲ ಅನ್ನುವುದು ಒಂದು. ಸ್ವಂತ ಅಂಚೆ ಕಚೇರಿ ತೆರೆಯಲು ಈಗ ಯಾರ ಲೈಸೆನ್ಸೂ, ಯಾವ ಉಪಗ್ರಹವೂ ಬೇಡ ಅನ್ನುವುದು ಇನ್ನೊಂದು. ಚಾನೆಲ್ ಕಾಲದಲ್ಲಿ ಇದನ್ನು ಯೋಚಿಸಲೂ ಆಗುತ್ತಿರಲಿಲ್ಲ.

'ಚಂದನ ಎಲ್ಲೋ ಇದೆ?'

ಕಳೆದ ವರ್ಷ ಮನೆಗೆ ಸ್ಮಾರ್ಟ್ ಟಿವಿ ತಂದೆವು. ಒಂದು ಸಂಜೆ ಅಮ್ಮ ರಿಮೋಟ್ ಹಿಡಿದು ಕೂಗಿದರು. "ಏನೋ ಇದು, ಬರೀ ಪೋಸ್ಟರೇ ಬರ್ತಿದೆ. ಚಂದನ ಎಲ್ಲೋ ಇದೆ?"

ಹತ್ತಿರ ಕೂತು ಎಣಿಸಿದೆ. ಟಿವಿ ಆನ್ ಮಾಡಿದರೆ ಸಾಲುಸಾಲು ಸಿನಿಮಾ ಪೋಸ್ಟರ್. ಆ್ಯಪ್‌ಗಳ ಸಾಲಿಗೆ ಇಳಿಯಬೇಕು. ಬಲಕ್ಕೆ ನಾಲ್ಕು ಸಲ ಒತ್ತಬೇಕು. ಆ್ಯಪ್ ತೆರೆಯಬೇಕು. ಯಾರು ನೋಡುತ್ತಿದ್ದೀರಿ ಅಂತ ಕೇಳುತ್ತದೆ. ಲೈವ್ ಟಿವಿ ಹುಡುಕಬೇಕು, ಭಾಷೆ ಆರಿಸಬೇಕು. ಮೊದಲಾದರೆ ಒಂದು ನಂಬರ್ ಒತ್ತಿದರೆ ಬರುತ್ತಿತ್ತು. ಅಮ್ಮನಿಗೆ ಆ ನಂಬರ್ ಬಾಯಿಪಾಠ ಇತ್ತು.

ಇದು ಬರೀ ವಯಸ್ಸಾದವರ ತೊಂದರೆ ಅಂತ ಸುಮ್ನೆ ಬಿಡುವಂಥದ್ದಲ್ಲ. 1995ರ ಕೇಬಲ್ ಕಾನೂನಿನಲ್ಲಿ, ದೂರದರ್ಶನದ ಗೊತ್ತುಪಡಿಸಿದ ಚಾನೆಲ್‌ಗಳನ್ನು ಕೇಬಲ್‌ನವರು ತೋರಿಸಲೇಬೇಕು ಅಂತ ಇದೆ. 2007ರ ಇನ್ನೊಂದು ಕಾನೂನಿನ ಪ್ರಕಾರ, ರಾಷ್ಟ್ರೀಯ ಮಹತ್ವದ ಪಂದ್ಯಗಳ ಪ್ರಸಾರವನ್ನು ಹಕ್ಕು ಪಡೆದವರು ದೂರದರ್ಶನದ ಜೊತೆ ಹಂಚಿಕೊಳ್ಳಬೇಕು. ದುಡ್ಡಿಲ್ಲದವರಿಗೂ ಭಾರತದ ದೊಡ್ಡ ಪಂದ್ಯ ಸಿಗಲಿ ಅನ್ನುವುದು ಅದರ ಉದ್ದೇಶ. ಇವೆಲ್ಲ ಡಂಗುರದ ಕಾಲಕ್ಕೆ ಬರೆದ ನಿಯಮಗಳು. ಸ್ಮಾರ್ಟ್ ಟಿವಿಯ ಮೊದಲ ಪರದೆಯಲ್ಲಿ ಯಾರು ಎದ್ದು ಕಾಣಬೇಕು ಅನ್ನುವುದನ್ನು ಟಿವಿ ಮಾಡುವ ಕಂಪನಿಗಳು, ಅದರ ಸಾಫ್ಟ್‌ವೇರ್ ಕಂಪನಿಗಳು ವ್ಯವಹಾರ ಮಾತಾಡಿ ತೀರ್ಮಾನಿಸುತ್ತವೆ. ರಿಮೋಟಿನ ಮೇಲೆ ಒಂದೆರಡು ಆ್ಯಪ್‌ಗಳ ಹೆಸರಿನ ಬಟನ್ ಇರುವುದೂ ಅಂಥ ವ್ಯವಹಾರದಿಂದಲೇ. ಹಿಂದೆ ಕೇಬಲ್ ವೈರಿನಲ್ಲಿ ಒಳ್ಳೆಯ ಜಾಗಕ್ಕೆ ಚಾನೆಲ್‌ಗಳು ದುಡ್ಡು ಕೊಡುತ್ತಿದ್ದವಲ್ಲ, ಅದೇ ಇದು. ಬೀದಿಯ ಕೊನೆಯ ಕೋಣೆಯಲ್ಲಿದ್ದ ಗೇಟು ಈಗ ನಮ್ಮ ಹಾಲ್‌ನ ಗೋಡೆಗೆ ಬಂದಿದೆ.

ಪ್ರಸಾರ ಭಾರತಿ 2024ರ ನವೆಂಬರಿನಲ್ಲಿ ವೇವ್ಸ್ ಅನ್ನುವ ತನ್ನದೇ ಆ್ಯಪ್ ತಂದಿದೆ. ದೂರದರ್ಶನದ ಚಾನೆಲ್‌ಗಳು ಅದರಲ್ಲಿ ಸಿಗುತ್ತವೆ. ಒಳ್ಳೆಯ ಕೆಲಸ. ಆದರೆ ಆ್ಯಪ್ ಇಳಿಸಿಕೊಳ್ಳಲು ಗೊತ್ತಿರುವವರಿಗೆ ಮಾತ್ರ.

ಹೊರಗೆ ಉಳಿದವರು ಇನ್ನೂ ಇದ್ದಾರೆ. ಸ್ಟ್ರೀಮಿಂಗ್ ಬೇಕು ಅಂದರೆ ಒಳ್ಳೆಯ ಫೋನ್ ಬೇಕು, ಡೇಟಾ ಬೇಕು, ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಲು ಬರಬೇಕು, ಎಲ್ಲಕ್ಕಿಂತ ಮೊದಲು ನೆಟ್‌ವರ್ಕ್ ಬೇಕು. 2020ರಲ್ಲಿ ಆನ್‌ಲೈನ್ ಕ್ಲಾಸಿಗೆಂದು ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ ಕೂತಿದ್ದನ್ನು ಮರೆಯಲು ಆಗುತ್ತದಾ? ಅದೇ ಹೊತ್ತಿನಲ್ಲಿ ಚಂದನ ವಾಹಿನಿಯಲ್ಲಿ ಪಾಠ ಬರುತ್ತಿತ್ತು. ಡಿಶ್ ಇದ್ದ ಮನೆಯ ಮಕ್ಕಳು ಮನೆಯಲ್ಲೇ ಕೂತು ನೋಡಿದರು. ಆಕಾಶದಿಂದ ಬರುವ ಡಂಗುರ ಗುಡ್ಡದ ಹಿಂದಿನ ಮನೆಯನ್ನೂ ಬಿಡುವುದಿಲ್ಲ. ಫೈಬರ್ ಆ ಮನೆ ತಲುಪಬೇಕಾದರೆ ಒಬ್ಬರು ಕಂಬ ಹಾಕಬೇಕು, ಒಬ್ಬರು ದುಡ್ಡು ಹಾಕಬೇಕು. ಇಡೀ ವ್ಯವಸ್ಥೆ ಅಂಚೆ ಕಡೆ ಓಡುತ್ತಿರುವಾಗ ಉಚಿತ ಡಿಶ್ಶನ್ನು ಬಲವಾಗಿ ಉಳಿಸಿಕೊಳ್ಳಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ಫೋನಿಗೇ ಡಂಗುರ ಕೇಳಿಸಿದರೆ?

ಎರಡನ್ನೂ ಸೇರಿಸುವ ಒಂದು ಪ್ರಯತ್ನ ನಡೆಯುತ್ತಿದೆ. ಅದರಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಹೆಸರು ಡೈರೆಕ್ಟ್ ಟು ಮೊಬೈಲ್, ಚಿಕ್ಕದಾಗಿ ಡಿ2ಎಂ. ಟಿವಿ ಗೋಪುರದಿಂದ ಹೊರಟ ಅಲೆಯನ್ನು ಫೋನು ನೇರವಾಗಿ ಹಿಡಿಯುತ್ತದೆ, ರೇಡಿಯೊ ಹಿಡಿದ ಹಾಗೆ. ಡೇಟಾ ಬೇಡ, ಸಿಮ್ ಬೇಡ, ನೆಟ್‌ವರ್ಕ್ ಬೇಡ. ಫೈನಲ್ ಪಂದ್ಯವನ್ನು ಕೋಟಿ ಜನ ನೋಡಿದರೂ ಗೋಪುರಕ್ಕೆ ಭಾರ ಒಂದೇ. ಪ್ರವಾಹ, ಭೂಕುಸಿತದ ಹೊತ್ತಿನಲ್ಲಿ ಮೊಬೈಲ್ ಟವರ್ ಬಿದ್ದುಹೋದರೂ ಎಚ್ಚರಿಕೆಯ ಸುದ್ದಿ ತಲುಪಿಸಬಹುದು. ಐಐಟಿ ಕಾನ್ಪುರ, ಪ್ರಸಾರ ಭಾರತಿ ಮತ್ತು ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಇದರ ಮೇಲೆ ಕೆಲಸ ಮಾಡಿವೆ. ಬೆಂಗಳೂರು ಮತ್ತು ದೆಹಲಿಯಲ್ಲಿ ಪ್ರಯೋಗವೂ ನಡೆದಿದೆ.

ಆದರೆ ಇವತ್ತಿನ ಮಾಮೂಲಿ ಫೋನುಗಳಲ್ಲಿ ಆ ಅಲೆ ಹಿಡಿಯುವ ಚಿಪ್ ಇಲ್ಲ. ಚಿಪ್ ಹಾಕಿದರೆ ಫೋನಿನ ಬೆಲೆ ಏರುತ್ತದೆ ಅಂತ ಫೋನ್ ಕಂಪನಿಗಳು ತಕರಾರು ಎತ್ತಿವೆ. ಜನ ಡೇಟಾ ಕಡಿಮೆ ಬಳಸಿದರೆ ಟೆಲಿಕಾಂ ಕಂಪನಿಗಳಿಗೂ ಲಾಭವಿಲ್ಲ. ಚಿಪ್ಪು ಫೋನಿನೊಳಗೆ ಬರುತ್ತದಾ, ಬಂದರೆ ಅದರ ಖರ್ಚು ಯಾರ ತಲೆ ಮೇಲೆ ಅನ್ನುವ ಮಾತು ಮುಗಿದ ಮೇಲೆ, ಗುಡ್ಡದ ಹಿಂದಿನ ಹುಡುಗನೂ ಪಕ್ಕದ ಮನೆಯವರೂ ನಾನೂ ಒಟ್ಟಿಗೇ ವಿಕೆಟ್ ನೋಡುವುದು ಸಾಧ್ಯವೋ ಇಲ್ಲವೋ ಅಂತ ತೀರ್ಮಾನವಾಗುತ್ತದೆ.